ಕುಪ್ಪಳಿಯ ಬಾಲಕ ಮತ್ತು ನಮ್ಮ ತರಗತಿಯ ಪುಟ್ಟ ಕಥೆಗಾರರು

ಕುವೆಂಪು ಅವರ ಜೀವನವನ್ನು ಪ್ರಶಿಕ್ಷಣಾರ್ಥಿಗಳಿಗೆ ಹೇಳುವಾಗ ನಾನು ಪ್ರಶಸ್ತಿಗಳ ಪಟ್ಟಿಯಿಂದ ತೊಡಗುವುದಿಲ್ಲ. ಅವರ ಬಾಲ್ಯ ಹೇಗಿತ್ತು, ಆ ಬಾಲ್ಯವನ್ನು ಅವರು ಮುಂದೆ ಹೇಗೆ ಹೇಳಿಕೊಂಡರು ಎಂಬಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೇನೆ. ಶಿವಮೊಗ್ಗ, ಭದ್ರಾವತಿಯ ಕಿರಿಯ ತರಗತಿಗಳಿಗೆ ಪಾಠಾಭ್ಯಾಸಕ್ಕೆ ಹೋಗುವವರಿಗೆ ಅದರಿಂದ ಕಲಿಯುವುದು ಬಹಳ ಇದೆ.

ಪುಟ್ಟಪ್ಪನವರು ಹುಟ್ಟಿದ್ದು 1904ರ ಡಿಸೆಂಬರ್ 29ರಂದು, ತಾಯಿ ಸೀತಮ್ಮನವರ ತವರಾದ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಬೆಳೆದದ್ದು ನಮ್ಮ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ, ತಂದೆ ವೆಂಕಟಪ್ಪಗೌಡರ ಮನೆಯಲ್ಲಿ. ಅದು ಕೂಡುಕುಟುಂಬದ ದೊಡ್ಡ ಮನೆ. ಸುತ್ತ ತೋಟ, ಅದರಾಚೆ ಕಾಡು. ಅಕ್ಷರಾಭ್ಯಾಸ ನಡೆದದ್ದು ಮನೆಯಲ್ಲೇ, ದಕ್ಷಿಣ ಕನ್ನಡದಿಂದ ಬಂದ ಉಪಾಧ್ಯಾಯರಿಂದ. ಮುಂದಿನ ಓದು ತೀರ್ಥಹಳ್ಳಿಯ ಆಂಗ್ಲೋ ವರ್ನಾಕ್ಯುಲರ್ ಶಾಲೆಯಲ್ಲಿ. ಹನ್ನೆರಡರ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡರು. ಅನಂತರ ಮಲೆನಾಡನ್ನು ಬಿಟ್ಟು ಪ್ರೌಢಶಾಲೆಗಾಗಿ ಮೈಸೂರು ಸೇರಿದರು. 1929ರಲ್ಲಿ ಮಹಾರಾಜ ಕಾಲೇಜಿನಲ್ಲಿ ಎಂ.ಎ. ಮುಗಿಸಿ ಅಲ್ಲೇ ಅಧ್ಯಾಪಕರಾದರು.

ಮೈಸೂರಿನ ವಿದ್ಯಾರ್ಥಿ ದೆಸೆಯಲ್ಲಿ ಅವರು ಮೊದಲು ಕವಿತೆ ಬರೆದದ್ದು ಇಂಗ್ಲಿಷಿನಲ್ಲಿ. ಮೊದಲ ಸಂಕಲನ 1922ರಲ್ಲಿ ಅಚ್ಚಾಯಿತು. ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ತರುಣ ಪುಟ್ಟಪ್ಪ ತಮ್ಮ ಪದ್ಯಗಳನ್ನು ತೋರಿಸಿದರು. ನಿಮ್ಮ ಭಾಷೆಯಲ್ಲಿ ಏನು ಬರೆದಿದ್ದೀರಿ ಎಂದು ಕೇಳಿದ ಕಸಿನ್ಸ್, ಅದರಲ್ಲೇ ಬರೆಯುವಂತೆ ಸಲಹೆ ಕೊಟ್ಟರು. ಇದನ್ನು ಸಾಹಿತ್ಯ ಚರಿತ್ರೆಯ ಘಟನೆಯೆಂದು ಓದಿ ಮುಂದೆ ಹೋಗುವುದು ವಾಡಿಕೆ. ಆದರೆ ಶಿಕ್ಷಕರಿಗೆ ಇದು ಬೇರೊಂದು ವಿಷಯವನ್ನೂ ತಿಳಿಸುತ್ತದೆ. ಕುಪ್ಪಳಿಯ ಕತ್ತಲೆ, ಬೇಟೆ, ಅಡುಗೆಮನೆಯ ಮಾತು, ಭೂತದ ಹೆದರಿಕೆ, ಇವೆಲ್ಲ ಅವರಿಗೆ ಅನುಭವವಾಗಿದ್ದು ಕನ್ನಡದಲ್ಲಿ. ಹೇಳುವ ಭಾಷೆ ಬದಲಾದ ಮೇಲೆ ಆ ಅನುಭವಗಳಿಗೂ ದಾರಿ ತೆರೆಯಿತು.

1933ರಲ್ಲಿ ‘ಮಲೆನಾಡಿನ ಚಿತ್ರಗಳು’ ಬಂತು. ಅದರಲ್ಲಿ ಕಾಡಿನಲ್ಲಿ ಕಳೆದ ಒಂದು ಇರುಳಿಗೆ ಒಂದು ಇಡೀ ಪ್ರಬಂಧವಿದೆ. ತೋಟದಾಚೆಯ ಭೂತಕ್ಕೆ ಇನ್ನೊಂದು. ದಿನಗಳೆಲ್ಲ ಒಂದೇ ಅಳತೆಯಲ್ಲಿ ನೆನಪಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸರಳ ಉದಾಹರಣೆ ಬೇಕಿಲ್ಲ. ಎಲ್ಲಿ ಭಯವೋ ಬೆರಗೋ ಇತ್ತೋ ಅಲ್ಲಿ ಕಥನ ನಿಲ್ಲುತ್ತದೆ, ಉಳಿದದ್ದನ್ನು ದಾಟಿ ಹೋಗುತ್ತದೆ. 1980ರಲ್ಲಿ, ಎಪ್ಪತ್ತೈದರ ಆಸುಪಾಸಿನಲ್ಲಿ, ಅವರು ‘ನೆನಪಿನ ದೋಣಿಯಲ್ಲಿ’ ಎಂಬ ಆತ್ಮಕಥೆಯಲ್ಲಿ ಅದೇ ಬಾಲ್ಯಕ್ಕೆ ಮರಳಿದರು.

ಈ ಮಾತು ದೊಡ್ಡ ಲೇಖಕರಿಗೆ ಮಾತ್ರ ಸಲ್ಲುವುದಲ್ಲ. ಲಬೋವ್ ಮತ್ತು ವಲೆಟ್ಸ್ಕಿ 1967ರಲ್ಲಿಯೇ ಇದನ್ನು ಗುರುತಿಸಿದರು: ಜನ ತಮ್ಮ ಅನುಭವವನ್ನು ಹೇಳುವಾಗ ನಡೆದದ್ದರ ಸರಣಿಯ ಜೊತೆಗೆ ಅದು ತಮಗೆ ಏಕೆ ಮುಖ್ಯವೆಂಬುದನ್ನೂ ಹೇಳುತ್ತಾರೆ. ರಾಬಿನ್ ಫಿವುಶ್ ಮತ್ತು ಸಂಗಡಿಗರು ಮಕ್ಕಳ ಕಥನಗಳನ್ನು ಹೋಲಿಸಿ ನೋಡಿದಾಗ, ಸಂತೋಷದ ಘಟನೆಗಳಲ್ಲಿ ವಸ್ತು ಮತ್ತು ಜನರ ವಿವರ ಹೆಚ್ಚಾಗಿಯೂ, ನೋವಿನ ಘಟನೆಗಳಲ್ಲಿ ಮನಸ್ಸಿನ ಮಾತು ಹೆಚ್ಚಾಗಿಯೂ ಕಂಡವು; ನೋವಿನ ಕಥನಗಳ ಹೆಣಿಗೆಯೂ ಹೆಚ್ಚು ಬಿಗಿಯಾಗಿತ್ತು.

ಭದ್ರಾವತಿಯ ಒಂದು ಎರಡನೇ ತರಗತಿಯಲ್ಲಿ ಪಾಠ ಅವಲೋಕಿಸುತ್ತಿದ್ದಾಗ ನಾನು ಇದನ್ನೇ ಕಂಡೆ. ಒಬ್ಬ ಹುಡುಗಿ ಜಾತ್ರೆಯ ಬಗ್ಗೆ ಹೇಳಿದ್ದು ನಾಲ್ಕು ವಾಕ್ಯ: ಬಳೆ, ಬೆಂಡು, ಬತ್ತಾಸು, ಬಲೂನು. ನಾಯಿಮರಿ ಕಾಣೆಯಾದ ದಿನವನ್ನು ಹೇಳತೊಡಗಿದಾಗ ಮಾತು ಬೆಳೆಯಿತು. ಎಲ್ಲೆಲ್ಲಿ ಹುಡುಕಿದೆವು, ಅಣ್ಣ ಏಕೆ ಬೈದ, ತಾನು ಏಕೆ ಊಟ ಮಾಡಲಿಲ್ಲ, ಎಲ್ಲವೂ ಬಂತು. ನಡುವೆ ಒಂದು ತಮಿಳು ಮಾತೂ ಬಂತು. ಪಾಠ ಮಾಡುತ್ತಿದ್ದವರು ಅಲ್ಲೇ ತಡೆದು ಸರಿಯಾದ ಕನ್ನಡ ಪದ ಹೇಳಿಕೊಟ್ಟರು. ಹುಡುಗಿ ಆ ಪದವನ್ನು ಹೇಳಿ ಕುಳಿತುಬಿಟ್ಟಳು. ನಾಯಿಮರಿ ಸಿಕ್ಕಿತೋ ಇಲ್ಲವೋ ತರಗತಿಗೆ ತಿಳಿಯಲೇ ಇಲ್ಲ.

ಭದ್ರಾವತಿ 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯ ಸುತ್ತ ಬೆಳೆದ ಊರು. ಕೆಲಸಕ್ಕೆ ಬಂದವರ ಜೊತೆ ತಮಿಳು, ತೆಲುಗು, ಉರ್ದು ಎಲ್ಲ ಬಂದು ನೆಲೆಸಿದವು. ಇಲ್ಲಿಯ ಮಗು ಅಳುವ, ಹೆದರುವ ಭಾಷೆ ಪಠ್ಯದ ಭಾಷೆಯೇ ಆಗಿರಬೇಕೆಂದಿಲ್ಲ. ಕಸಿನ್ಸ್ ಒಬ್ಬ ತರುಣನಿಗೆ ಕೊಟ್ಟ ಸಲಹೆಯನ್ನು ನಾವು ಏಳು ವರ್ಷದ ಮಗುವಿಗೆ ಒಂದು ಸೌಲಭ್ಯವಾಗಿ ಕೊಡಬಹುದು.

ಆದ್ದರಿಂದ ಪಾಠ ಯೋಜನೆಯಲ್ಲಿ ಸ್ವಂತ ಅನುಭವ ಹೇಳುವ ಚಟುವಟಿಕೆ ಇದ್ದಾಗ ಪ್ರಶಿಕ್ಷಣಾರ್ಥಿಗಳು ಕೆಲವು ಅಂಶಗಳನ್ನು ಗಮನದಲ್ಲಿಡಬೇಕು. ಕಥೆ ಮುಗಿಯುವವರೆಗೆ ತಿದ್ದಬಾರದು. ಭಾಷಾ ದೋಷವನ್ನು ಬರೆದಿಟ್ಟುಕೊಂಡು ಬೇರೆ ಅವಧಿಯಲ್ಲಿ ಇಡೀ ತರಗತಿಗೆ ಕಲಿಸಬಹುದು. ಘಟನೆಯ ಕ್ರಮ ತಪ್ಪಿದರೆ ಮೊದಲು ಏನಾಯಿತು ಎಂದು ಕೇಳುವ ಮುನ್ನ, ಆಗ ನಿನಗೆ ಹೇಗನ್ನಿಸಿತು ಎಂದು ಕೇಳಬೇಕು. ಎಷ್ಟೋ ಸಲ ಕ್ರಮ ತಾನಾಗಿಯೇ ಸರಿಹೋಗುತ್ತದೆ. ಸಂತೋಷದ ಕಥೆ ಪಟ್ಟಿಯಂತಾದರೆ ಅದರಲ್ಲಿ ತುಂಬ ಇಷ್ಟವಾದ ಒಂದನ್ನು ಆರಿಸಿಕೊಳ್ಳಲು ಹೇಳಬೇಕು. ಭಯದ, ದುಃಖದ ಕಥೆಯನ್ನು ಕೆದಕಿ ಹೊರಡಿಸಬಾರದು. ಮಗು ತಾನಾಗಿ ಹೇಳಿದರೆ ಆಗ ಯಾರು ಜೊತೆಗಿದ್ದರು ಎಂದು ಕೇಳಿ, ಆ ಕಥೆಗೆ ಒಂದು ನೆಲೆ ದೊರಕಿಸಬೇಕು. ಸುಮ್ಮನಿರುವ ಮಗುವಿಗೆ ಸುಮ್ಮನಿರುವ ಹಕ್ಕೂ ಇದೆ.

ಪುಟ್ಟಪ್ಪನವರು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. ಕನ್ನಡದಲ್ಲಿ ಉನ್ನತ ಶಿಕ್ಷಣ ನಡೆಯಬೇಕೆಂದು ಶ್ರಮಿಸಿದರು. ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯಕ್ಕೆ ಜ್ಞಾನಪೀಠ ಪಡೆದರು. 1987ರಲ್ಲಿ ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ ಅವರ ಹೆಸರಿನ ವಿಶ್ವವಿದ್ಯಾನಿಲಯ ಆರಂಭವಾಯಿತು. 1994ರ ನವೆಂಬರ್ 11ರಂದು ಅವರು ತೀರಿಕೊಂಡರು. ಸಮಾಧಿ ಇರುವುದು ಕುಪ್ಪಳಿಯ ಕವಿಶೈಲದಲ್ಲಿ. ತೋಟದಾಚೆಯ ಕತ್ತಲೆಗೆ ಹೆದರಿದ ಮಗುವಿನ ಮಾತಿಗೆ ಬೆಲೆ ಸಿಕ್ಕಿದ್ದರಿಂದ ನಾಡಿಗೆ ಎಷ್ಟು ದಕ್ಕಿತು ಎಂಬುದು ಅವರ ಬದುಕಿನಿಂದ ತಿಳಿಯುತ್ತದೆ. ನಮ್ಮ ತರಗತಿಯಲ್ಲಿ ಎದ್ದು ನಿಂತ ಮಗು ತನ್ನ ಮಾತು ಮುಗಿಸಿ ಕುಳಿತುಕೊಳ್ಳುವಂತೆ ನೋಡಿಕೊಳ್ಳುವುದು ನಮ್ಮ ಕೆಲಸ.