ನಿಧಿದ್ವೀಪದ ನಕ್ಷೆ

ಬಾಲಕರಿಗಾಗಿ ಬರೆದ ಸಾಹಸಕಥೆಗಳಲ್ಲಿ ಬಹುಪಾಲು ಒಂದು ತಲೆಮಾರು ಕಳೆಯುವುದರೊಳಗೆ ಮರೆವಿಗೆ ಸಲ್ಲುತ್ತವೆ. ರಾಬರ್ಟ್ ಲೂಯಿ ಸ್ಟೀವನ್‌ಸನ್ನನ ‘ಟ್ರೆಷರ್ ಐಲೆಂಡ್’ಗೆ ಆ ಗತಿ ಬರಲಿಲ್ಲ. ಆ ಕೃತಿಯ ಹುಟ್ಟಿನಲ್ಲಿ ತಂದೆ-ಮಗನ ಬಹುಕಾಲದ ವಿರಸವೊಂದು ಕರಗಿದ ವೃತ್ತಾಂತವೂ ಬೆರೆತಿದೆ.

ಸ್ಟೀವನ್‌ಸನ್ ೧೮೫೦ರ ನವೆಂಬರ್ ೧೩ರಂದು ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ ಜನಿಸಿದನು. ಅವರದು ದೀಪಸ್ತಂಭಗಳನ್ನು ಕಟ್ಟುವ ಎಂಜಿನಿಯರುಗಳ ಮನೆತನ. ತಾತ ಬೆಲ್ ರಾಕ್ ದೀಪಸ್ತಂಭದಿಂದ ಕೀರ್ತಿವಂತನಾದವನು. ತಂದೆ ಥಾಮಸ್ ಅದೇ ವೃತ್ತಿಯಲ್ಲಿ ಹೆಸರಾದವನು. ಒಬ್ಬನೇ ಮಗನಾದ ಲೂಯಿಯಾದರೋ ಹುಟ್ಟಾ ರೋಗಿ. ಕೆಮ್ಮು-ಜ್ವರಗಳಲ್ಲಿ ನಿದ್ರೆಯಿಲ್ಲದೆ ಕಳೆದ ರಾತ್ರಿಗಳಲ್ಲಿ ದಾದಿಯ ಕಥೆಗಳೇ ಅವನ ಆಸರೆ.

ಕುಲವೃತ್ತಿಗೆಂದು ೧೮೬೭ರಲ್ಲಿ ವಿಶ್ವವಿದ್ಯಾಲಯವನ್ನು ಸೇರಿದ ಮಗ ೧೮೭೧ರಲ್ಲಿ, ತಾನು ಎಂಜಿನಿಯರ್ ಆಗಲಾರೆನೆಂದು ತಂದೆಗೆ ತಿಳಿಸಿದನು. ನೊಂದ ತಂದೆ, ನ್ಯಾಯಶಾಸ್ತ್ರವನ್ನಾದರೂ ಓದಲೆಂದು ಒಪ್ಪಿದನು. ೧೮೭೫ರಲ್ಲಿ ವಕೀಲನಾದರೂ ಮಗ ಆ ಕಸುಬನ್ನು ನಡೆಸಲಿಲ್ಲ. ಧರ್ಮಶ್ರದ್ಧೆಯ ವಿಷಯದಲ್ಲಿ ಎದ್ದ ಭಿನ್ನಾಭಿಪ್ರಾಯ ಇನ್ನೂ ಕಹಿಯಾಗಿತ್ತು. ೧೮೭೯ರಲ್ಲಿ ಹೆತ್ತವರಿಗೆ ತಿಳಿಸದೆ ಅಮೆರಿಕಕ್ಕೆ ಹೊರಟ ಅವನು, ಮರುವರ್ಷ ಫ್ಯಾನಿ ಆಸ್‌ಬರ್ನ್ ಎಂಬಾಕೆಯನ್ನು ವರಿಸಿದನು. ಅಲ್ಲಿ ರೋಗ-ದಾರಿದ್ರ್ಯಗಳಿಗೆ ಸಿಕ್ಕಿ ನಲುಗಿದ್ದ ಮಗನಿಗೆ ತಂದೆಯೇ ವರ್ಷಾಶನವನ್ನು ಗೊತ್ತುಮಾಡಿ ಕೈಹಿಡಿದನು.

೧೮೮೧ರ ಬೇಸಿಗೆಯಲ್ಲಿ ಕುಟುಂಬವೆಲ್ಲ ಬ್ರೇಮರ್ ಎಂಬ ಊರಿನಲ್ಲಿ ತಂಗಿತ್ತು. ಬಿಡದೆ ಸುರಿಯುವ ಮಳೆ. ೧೩ ವರ್ಷದ ಮಲಮಗ ಲಾಯ್ಡ್‌ನೊಡನೆ ಕುಂಚ ಹಿಡಿದು ಕುಳಿತ ಸ್ಟೀವನ್‌ಸನ್ ಹೊತ್ತು ಕಳೆಯಲು ದ್ವೀಪವೊಂದರ ನಕ್ಷೆಯನ್ನು ಬರೆದನು. ಅದರ ಕೊಲ್ಲಿ-ಕಾಡುಗಳ ನಡುವಿನಿಂದ ೧೮ನೆಯ ಶತಮಾನದ ಕಡಲುಗಳ್ಳರು ಒಬ್ಬೊಬ್ಬರಾಗಿ ಎದ್ದುಬಂದರು. ದಿನಕ್ಕೊಂದು ಅಧ್ಯಾಯ ಬರೆದು ಮನೆಯವರಿಗೆ ಓದಿಹೇಳುವುದು ರೂಢಿಯಾಯಿತು. ಹುಡುಗನಿಗಿಂತ ಹೆಚ್ಚಾಗಿ ಮರುಳಾದವನು ಮುದುಕ ಥಾಮಸ್! ಸತ್ತ ನಾವಿಕನ ಪೆಟ್ಟಿಗೆಯಲ್ಲಿ ಏನೇನಿರಬೇಕೆಂಬ ಪಟ್ಟಿಯನ್ನು ಅವನೇ ಬರೆದುಕೊಟ್ಟನು. ಕ್ಯಾಪ್ಟನ್ ಫ್ಲಿಂಟನ ಹಡಗಿಗೆ ‘ವಾಲ್ರಸ್’ ಎಂಬ ಹೆಸರನ್ನೂ ಹಟಹಿಡಿದು ಇಡಿಸಿದನು.

ಕಥೆ ಅರ್ಧದಲ್ಲಿ ನಿಂತು, ಮುಂದೆ ಸ್ವಿಟ್ಜರ್ಲೆಂಡಿನ ದಾವೋಸಿನಲ್ಲಿ ಪೂರ್ಣವಾಯಿತು. ‘ಯಂಗ್ ಫೋಕ್ಸ್’ ಪತ್ರಿಕೆಯಲ್ಲಿ ಗುಪ್ತನಾಮದಿಂದ ಪ್ರಕಟವಾದಾಗ ಯಾರೂ ಅದನ್ನು ವಿಶೇಷವಾಗಿ ಗಮನಿಸಲಿಲ್ಲ. ೧೮೮೩ರಲ್ಲಿ ಪುಸ್ತಕವಾಗುವ ಹೊತ್ತಿಗೆ ಮೂಲ ನಕ್ಷೆ ಕಳೆದುಹೋಗಿತ್ತು. ತಂದೆಯ ಕಚೇರಿಯಲ್ಲಿ ಹೊಸ ನಕ್ಷೆಯನ್ನು ಸಿದ್ಧಪಡಿಸಿದರು. ಮಗನು ತೊರೆದಿದ್ದ ಆ ಕಚೇರಿಯಲ್ಲೇ ಥಾಮಸ್, ಫ್ಲಿಂಟನ ಸಹಿಯನ್ನು ಬಲು ಜಾಣತನದಿಂದ ತಿದ್ದಿ ಬರೆದನು.

೧೮೮೬ರ ‘ಕಿಡ್ನ್ಯಾಪ್ಡ್’ಗೆ ಇತಿಹಾಸದ ಒಂದು ನಿಗೂಢ ಕೊಲೆಯೇ ಆಧಾರ. ೧೭೫೨ರಲ್ಲಿ ಆಪಿನ್ ಪ್ರಾಂತದಲ್ಲಿ ಕಾಲಿನ್ ಕ್ಯಾಂಪ್‌ಬೆಲ್ ಎಂಬ ಸರ್ಕಾರಿ ಅಧಿಕಾರಿ ಗುಂಡಿಗೆ ಬಲಿಯಾದನು. ಜೇಮ್ಸ್ ಸ್ಟೂವರ್ಟ್ ಎಂಬವನನ್ನು ಗಲ್ಲಿಗೇರಿಸಿದರು. ಗುಂಡು ಹಾರಿಸಿದವನಾರೆಂಬುದು ಮಾತ್ರ ಇತ್ಯರ್ಥವಾಗಲಿಲ್ಲ. ಸ್ಟೀವನ್‌ಸನ್ ಘಟನೆಯನ್ನು ಒಂದು ವರ್ಷ ಹಿಂದಕ್ಕೆ ಸರಿಸಿದನು. ಕೊಲೆಗಾರನ ಹೆಸರನ್ನು ಹೇಳಲಿಲ್ಲ. ನ್ಯಾಯಸ್ಥಾನವೂ ತಪ್ಪಬಲ್ಲುದೆಂಬ ಕಠಿನ ಸತ್ಯವನ್ನು ಎಳೆಯರಿಂದ ಮರೆಮಾಚದಿರುವುದೇ ಅವನ ದೊಡ್ಡತನ.

೧೮೮೭ರಲ್ಲಿ ತಂದೆ ತೀರಿಕೊಂಡನು. ಅದೇ ವರ್ಷ ನಾಡನ್ನು ಬಿಟ್ಟ ಸ್ಟೀವನ್‌ಸನ್ ಮತ್ತೆ ಹಿಂದಿರುಗಲಿಲ್ಲ. ಪೆಸಿಫಿಕ್ ಸಾಗರದ ಸಮೋವ ದ್ವೀಪದಲ್ಲಿ ೧೮೯೦ರಲ್ಲಿ ಜಮೀನು ಕೊಂಡು ಮನೆ ಕಟ್ಟಿಸಿದನು. ಪರದೇಶದ ಅಧಿಕಾರಿಗಳ ದಬ್ಬಾಳಿಕೆಯನ್ನು ಪ್ರತಿಭಟಿಸಿದ ಅವನನ್ನು ಅಲ್ಲಿಯ ಜನ ‘ತುಸಿತಾಲ’ ಎಂದರೆ ಕಥೆಗಾರ ಎಂದು ಕರೆದರು. ೧೮೯೪ರ ಡಿಸೆಂಬರ್ ೩ರಂದು, ೪೪ರ ವಯಸ್ಸಿನಲ್ಲಿ, ಮೆದುಳಿನ ರಕ್ತಸ್ರಾವದಿಂದ ಅಸುನೀಗಿದನು. ಆ ದಿನ ಬೆಳಗ್ಗೆಯೂ ಬರವಣಿಗೆ ನಡೆದಿತ್ತು. ಅಪೂರ್ಣವಾಗಿ ಉಳಿದ ಆ ‘ವಿಯರ್ ಆಫ್ ಹರ್ಮಿಸ್ಟನ್’, ಕಠೋರನಾದ ಒಬ್ಬ ನ್ಯಾಯಾಧೀಶನ ಮತ್ತು ಅವನಿಗೆ ಎದುರುನಿಂತ ಏಕಮಾತ್ರ ಪುತ್ರನ ಕಥೆ. ಸಮೋವದ ಜನ ಕಾಡು ಕಡಿದು ದಾರಿಮಾಡಿ, ತಮ್ಮ ಕಥೆಗಾರನನ್ನು ವಾಯಿಯಾ ಬೆಟ್ಟದ ನೆತ್ತಿಗೆ ಹೊತ್ತೊಯ್ದು, ಕಡಲು ಕಾಣುವೆಡೆಯಲ್ಲಿ ಮಣ್ಣುಮಾಡಿದರು.