ಗಣಿಯ ದುಡ್ಡು, ಹಳ್ಳಿಯ ಶಾಲೆ: ಗೋವಾದ ಭಾವುಸಾಹೇಬ್ ಬಾಂದೋಡ್ಕರ್

ಮಂಗಳೂರು, ಉಡುಪಿ ಕಡೆಯಿಂದ ಗೋವಾ ನೋಡಲು ಹೋದವರು ಪಣಜಿಯ ಮಿರಾಮಾರ್ ಕಡಲತೀರಕ್ಕೆ ಒಮ್ಮೆಯಾದರೂ ಹೋಗಿರುತ್ತಾರೆ. ಅಲ್ಲಿ ಕಡಲಿಗೆ ಹತ್ತಿರದಲ್ಲೇ ಒಂದು ಸಮಾಧಿ ಇದೆ. ಅದರ ಮುಂದೆ ಫೋಟೋ ತೆಗೆಸಿಕೊಂಡು ಹೋಗುವವರೇ ಹೆಚ್ಚು, ಯಾರದು ಅಂತ ಕೇಳುವವರು ಕಡಿಮೆ. ಗೋವಾದ ಮೊದಲ ಮುಖ್ಯಮಂತ್ರಿ ದಯಾನಂದ ಬಾಂದೋಡ್ಕರ್ ಅವರ ಸಮಾಧಿ ಅದು. ಮುಖ್ಯಮಂತ್ರಿ ಆಗುವುದಕ್ಕಿಂತ ಮೊದಲು ಅವರು ಅದಿರು ವ್ಯಾಪಾರಿ, ಕೈ ಬಿಚ್ಚಿ ಕೊಡುವ ದಾನಿ. ಗೋವಾದ ಹಳೆಯ ತಲೆಮಾರಿನವರು ಈಗಲೂ ಭಾವುಸಾಹೇಬ್ ಅಂತಲೇ ಹೇಳುತ್ತಾರೆ.

ಅವರು ಹುಟ್ಟಿದ್ದು 1911ರ ಮಾರ್ಚ್ 12ರಂದು, ಗೋವಾದ ಉತ್ತರ ತುದಿಯ ಪೆಡ್ಣೆಯಲ್ಲಿ. ಆಗ ಅಲ್ಲಿ ಪೋರ್ಚುಗೀಸರ ಆಳ್ವಿಕೆ. ಅದಕ್ಕೆ ಐದು ತಿಂಗಳ ಹಿಂದಷ್ಟೇ ಪೋರ್ಚುಗಲ್‌ನಲ್ಲಿ ರಾಜನನ್ನು ಇಳಿಸಿ ಗಣರಾಜ್ಯ ಬಂದಿತ್ತು. ಗೋವಾದ ಹಿಂದೂಗಳಿಗೆ ಸಮಾನ ಹಕ್ಕು ಅನ್ನುವ ಮಾತು ಕಾನೂನಿನಲ್ಲಿ ಸರಿಯಾಗಿ ಕಾಣಿಸಿಕೊಂಡದ್ದೇ ಆ ಮೇಲೆ. ಆದರೆ ಕಾನೂನು ಬದಲಾದ ಮಾತ್ರಕ್ಕೆ ಊರು ಬದಲಾಗುವುದಿಲ್ಲ. ಬಾಂದೋಡ್ಕರ್ ಅವರದ್ದು ಗೋಮಾಂತಕ ಮರಾಠಾ ಸಮಾಜ. ತಲೆಮಾರುಗಳಿಂದ ದೇವಸ್ಥಾನಗಳ ಸೇವೆಗೆ ಕಟ್ಟುಬಿದ್ದಿದ್ದ, ಹಾಡು ಕುಣಿತಕ್ಕೆ ಬೇಕಾಗಿ ಮರ್ಯಾದೆಗೆ ಮಾತ್ರ ಬೇಡವಾಗಿದ್ದ ಜನ. ಇಂಥ ಮನೆಯಿಂದ ಬಂದವರಿಗೆ ಅಕ್ಷರದ ಬೆಲೆ ಏನು ಅಂತ ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆ ಕಾಲದ ಗೋವಾದಲ್ಲಿ ಸರ್ಕಾರಿ ಶಾಲೆ ಅಂದರೆ ಪೋರ್ಚುಗೀಸ್ ಭಾಷೆಯ ಶಾಲೆ. ಕ್ರೈಸ್ತರ ಊರುಗಳಲ್ಲಿ ಚರ್ಚಿನ ಪಕ್ಕ ಒಂದು ಶಾಲೆ ಇರುತ್ತಿತ್ತು. ಹಿಂದೂಗಳ ಮರಾಠಿ ಶಾಲೆಗಳು ನಡೆಯುತ್ತಿದ್ದದ್ದು ಊರಿನವರ ಚಂದಾದಲ್ಲಿ. ಚಂದಾ ನಿಂತರೆ ಶಾಲೆಯೂ ನಿಂತ ಹಾಗೆ. ಭಟ್ಕಾರ ಅಂದರೆ ಜಮೀನ್ದಾರ, ಅವನ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡವನು ಮುಂಡಕಾರ. ಮುಂಡಕಾರನ ಮಗ ಧಣಿಯ ತೆಂಗಿನ ತೋಟಕ್ಕೆ ಹೋಗುತ್ತಿದ್ದ, ಶಾಲೆಗಲ್ಲ. ನಮ್ಮ ಕರಾವಳಿಯ ಹಳೆಯ ಗೇಣಿ ಒಕ್ಕಲುಗಳ ಕಥೆ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಾಂದೋಡ್ಕರ್ ಕೈಗೆ ದುಡ್ಡು ಬಂದದ್ದು ಕಬ್ಬಿಣದ ಅದಿರಿನಿಂದ. ಎರಡನೇ ಮಹಾಯುದ್ಧ ಮುಗಿದ ಮೇಲೆ ಜಪಾನಿನ ಉಕ್ಕಿನ ಕಾರ್ಖಾನೆಗಳಿಗೆ ಅದಿರು ಬೇಕಿತ್ತು, ಗೋವಾದ ಗುಡ್ಡಗಳಲ್ಲಿ ಅದು ಇತ್ತು. ಗುಡ್ಡದಿಂದ ಕೆಳಗಿಳಿದ ಕೆಂಪು ಮಣ್ಣು ದೋಣಿಗಳಲ್ಲಿ ಮಾಂಡೋವಿ, ಝುವಾರಿ ನದಿಗಳ ಮೇಲೆ ಸಾಗಿ ಮುರ್ಮಗೋವಾ ಬಂದರು ಸೇರುತ್ತಿತ್ತು. 1950ರ ದಶಕದಲ್ಲಿ ರಫ್ತು ವರ್ಷಕ್ಕೆ ಹತ್ತು ಲಕ್ಷ ಟನ್ ದಾಟಿತು. ಕೆಲವೇ ವರ್ಷಗಳಲ್ಲಿ ಗೋವಾದಲ್ಲಿ ಹೊಸ ಶ್ರೀಮಂತರ ಒಂದು ಸಾಲೇ ಎದ್ದು ನಿಂತಿತು. ಡೆಂಪೊ, ಚೌಗುಲೆ, ಸಾಳಗಾಂವ್ಕರ್, ಅವರ ನಡುವೆ ಬಾಂದೋಡ್ಕರ್.

ಈ ಗಣಿ ಧಣಿಗಳು ವಿದ್ಯೆಗೆ ಕೊಟ್ಟದ್ದು ಕಡಿಮೆ ಏನಲ್ಲ. 1962ರಲ್ಲಿ ಪಣಜಿಯಲ್ಲಿ ಧೆಂಪೆ ಕಾಲೇಜು, ಮಡಗಾಂವ್‌ನಲ್ಲಿ ಚೌಗುಲೆ ಕಾಲೇಜು ಶುರುವಾದದ್ದು ಇವರ ಹಣದಿಂದಲೇ. ಬಾಂದೋಡ್ಕರ್ ದಾರಿ ಸ್ವಲ್ಪ ಬೇರೆ. ಅವರು ಊರೂರಿನ ಮರಾಠಿ ಶಾಲೆ, ವಾಚನಾಲಯ, ದೇವಸ್ಥಾನ, ಓದಲು ದುಡ್ಡಿಲ್ಲದ ಹುಡುಗರು ಅಂತ ಚದುರಿಸಿ ಕೊಟ್ಟರು. ಹೀಗೆ ಕೊಟ್ಟದ್ದಕ್ಕೆ ದೊಡ್ಡ ಕಟ್ಟಡ ಉಳಿಯುವುದಿಲ್ಲ, ಜನರ ನೆನಪು ಉಳಿಯುತ್ತದೆ. ಆ ನೆನಪು ಮುಂದೆ ಮತವಾಗಿ ವಾಪಸು ಬಂತು ಅನ್ನುವುದೂ ನಿಜವೇ.

1961ರ ಡಿಸೆಂಬರ್ 19ರಂದು ಗೋವಾ ಬಿಡುಗಡೆಯಾಯಿತು. 1963ರಲ್ಲಿ ಬಾಂದೋಡ್ಕರ್ ಮಹಾರಾಷ್ಟ್ರವಾದಿ ಗೋಮಾಂತಕ ಪಕ್ಷ ಕಟ್ಟಿದರು. ಗೋವಾವನ್ನು ಮಹಾರಾಷ್ಟ್ರಕ್ಕೆ ಸೇರಿಸಬೇಕು ಅನ್ನುವುದು ಅದರ ಗುರಿ, ಬೆನ್ನೆಲುಬು ಮಾತ್ರ ಗೇಣಿದಾರರು, ಕೂಲಿಕಾರರು, ಕೆಳಜಾತಿಯವರು. ಅದೇ ಡಿಸೆಂಬರ್‌ನಲ್ಲಿ ನಡೆದ ಮೊದಲ ಚುನಾವಣೆಯಲ್ಲಿ ಕಾಂಗ್ರೆಸ್‌ಗೆ ಗೋವಾದೊಳಗೆ ಒಂದೇ ಒಂದು ಸೀಟು ಸಿಗಲಿಲ್ಲ. ಡಿಸೆಂಬರ್ 20ರಂದು ಬಾಂದೋಡ್ಕರ್ ಮುಖ್ಯಮಂತ್ರಿಯಾದರು.

1961ರ ಜನಗಣತಿಯ ಪ್ರಕಾರ ಆ ಪ್ರದೇಶದಲ್ಲಿ ಓದು ಬರಹ ಬಲ್ಲವರು ಸುಮಾರು ಮೂವರಲ್ಲಿ ಒಬ್ಬರಷ್ಟೇ. ಹೊಸ ಸರ್ಕಾರ ಹಳ್ಳಿ ಹಳ್ಳಿಗೆ ಪ್ರಾಥಮಿಕ ಶಾಲೆ ತೆರೆಯುತ್ತಾ ಹೋಯಿತು. ಕಾಡಿನಂಚಿನ ಸತ್ತರಿಗೂ, ಕಾರವಾರದ ಗಡಿಯ ಕಾಣಕೋಣಕ್ಕೂ ಸರ್ಕಾರಿ ಶಾಲೆ ಬಂತು. ಒಬ್ಬ ದಾನಿ ಹತ್ತು ಊರಿಗೆ ಮಾಡಬಹುದಾದದ್ದು ಈಗ ನೂರಾರು ಊರಿಗೆ ಆಯಿತು. 1964ರಲ್ಲಿ ಗೇಣಿದಾರರ ರಕ್ಷಣೆಗೆ ಕಾನೂನು ಬಂತು. ಇದು ಶಾಲೆಯ ಮಾತಲ್ಲ ಅನ್ನಿಸಬಹುದು, ಆದರೆ ನಾಳೆ ಧಣಿ ಎಬ್ಬಿಸಿಯಾನು ಅನ್ನುವ ಭಯದಲ್ಲಿರುವ ಅಪ್ಪ ಮಗನನ್ನು ಶಾಲೆಗೆ ಬಿಡುವುದು ಕಷ್ಟ. 1965ರಲ್ಲಿ ಮುಂಬೈ ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರ ಪಣಜಿಗೆ ಬಂತು, ಗೋವಾ ವಿಶ್ವವಿದ್ಯಾನಿಲಯ ಬೆಳೆದದ್ದು ಅದರಿಂದಲೇ. 1967ರಲ್ಲಿ ಎಂಜಿನಿಯರಿಂಗ್ ಕಾಲೇಜೂ ಆಯಿತು.

ಆದರೆ ಆ ಶಾಲೆಗಳಲ್ಲಿ ಕಲಿಸುತ್ತಿದ್ದದ್ದು ಮರಾಠಿ. ಮಕ್ಕಳ ಮನೆಮಾತು ಕೊಂಕಣಿ. ಶಾಲೆಯ ಹೆಸರಲ್ಲಿ ಮರಾಠಿ ತಂದು, ಮರಾಠಿಯ ಹೆಸರಲ್ಲಿ ವಿಲೀನ ತರುತ್ತಾರೆ ಅಂತ ಕೊಂಕಣಿ ಅಭಿಮಾನಿಗಳಿಗೆ ಸಿಟ್ಟಿತ್ತು. ಮಹಾರಾಷ್ಟ್ರದಿಂದ ಅಧಿಕಾರಿಗಳನ್ನು ಎರವಲು ತಂದದ್ದು ಆ ಸಿಟ್ಟನ್ನು ಜಾಸ್ತಿ ಮಾಡಿತು. ಅವರ ದೂರಿನಲ್ಲಿ ಹುರುಳಿತ್ತು. ಮನೆಯಲ್ಲಿ ಬ್ಯಾರಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಅಂತ ಬೆಳೆದ ನಮ್ಮ ಮಕ್ಕಳಿಗೆ ಈ ತೊಡಕು ಗೊತ್ತು. ತನ್ನ ಮಾತಿಗೆ ಪುಸ್ತಕದಲ್ಲಿ ಜಾಗ ಇಲ್ಲ ಅನ್ನುವುದು ಸಣ್ಣ ನೋವಲ್ಲ. ಹಾಗಂತ ಸ್ಲೇಟೇ ಹಿಡಿಯದೆ ಇರುವುದಕ್ಕಿಂತ ಪಕ್ಕದ ಭಾಷೆಯಲ್ಲಾದರೂ ಓದಿದ್ದು ಒಳ್ಳೆಯದಾಯಿತು ಅನ್ನುವವರೂ ಗೋವಾದ ಹಳ್ಳಿಗಳಲ್ಲಿ ಬೇಕಾದಷ್ಟು ಜನ.

ವಿಲೀನದ ಪ್ರಶ್ನೆಗೆ 1967ರ ಜನವರಿ 16ರಂದು ಜನಮತಗಣನೆ ನಡೆಯಿತು. ಅದು ನ್ಯಾಯವಾಗಿ ನಡೆಯಲಿ ಅಂತ ಬಾಂದೋಡ್ಕರ್ ಸರ್ಕಾರ ಮೊದಲೇ ರಾಜೀನಾಮೆ ಕೊಟ್ಟಿತ್ತು. ಹೂವಿನ ಗುರುತಿಗೆ ಹಾಕಿದರೆ ಮಹಾರಾಷ್ಟ್ರ, ಎರಡು ಎಲೆಗೆ ಹಾಕಿದರೆ ಬೇರೆಯಾಗಿಯೇ ಇರುವುದು. ಜಾಕ್ ಡಿ ಸಿಕ್ವೇರಾ ಅವರ ಯುನೈಟೆಡ್ ಗೋವನ್ಸ್ ಪಕ್ಷ ಎಲೆಯ ಪರ ನಿಂತಿತು. ವಿಲೀನಕ್ಕೆ ಬಿದ್ದ ಮತ 1,38,170, ಬೇಡ ಅಂದವರದ್ದು 1,72,191. ಬಾಂದೋಡ್ಕರ್ ಕಟ್ಟಿದ ಪಕ್ಷದ ಮೂಲ ಬೇಡಿಕೆಯೇ 34,021 ಮತಗಳಿಂದ ಬಿದ್ದುಹೋಯಿತು.

ಇನ್ನು ಇವರ ಕಥೆ ಮುಗಿಯಿತು ಅಂದುಕೊಂಡವರಿಗೆ ಎರಡೂವರೆ ತಿಂಗಳಲ್ಲೇ ಉತ್ತರ ಸಿಕ್ಕಿತು. ಮಾರ್ಚ್ ಕೊನೆಯ ಚುನಾವಣೆಯಲ್ಲಿ ಅದೇ ಜನ ಅದೇ ಬಾಂದೋಡ್ಕರ್ ಅವರ ಪಕ್ಷವನ್ನು ಗೆಲ್ಲಿಸಿ ಮತ್ತೆ ಮುಖ್ಯಮಂತ್ರಿ ಮಾಡಿದರು. 1972ರಲ್ಲಿ ಮೂರನೇ ಸಲವೂ ಗೆಲ್ಲಿಸಿದರು. ಗೋವಾ ಮಹಾರಾಷ್ಟ್ರದೊಳಗೆ ಕರಗುವುದು ಅವರಿಗೆ ಬೇಡವಾಗಿತ್ತು, ತಮ್ಮ ಊರಿಗೆ ಶಾಲೆ ತಂದ ಮನುಷ್ಯ ಬೇಕಾಗಿದ್ದ.

ಸಂಗೀತ, ನಾಟಕ, ಕ್ರಿಕೆಟ್, ಫುಟ್ಬಾಲ್ ಎಲ್ಲದರಲ್ಲೂ ಅವರಿಗೆ ಪ್ರೀತಿ. ಗೋವಾದ ಕಲಾ ಅಕಾಡೆಮಿ 1970ರಲ್ಲಿ ಶುರುವಾದದ್ದು ಅವರ ಕಾಲದಲ್ಲಿ. ದೇವಸ್ಥಾನದ ಅಂಗಳದಲ್ಲಿ ಹಾಡಿ ಅವಮಾನ ಉಂಡ ಸಮುದಾಯದ ಮಗ ಕಲೆಗೆ ಸರ್ಕಾರದ ಮನೆಯನ್ನೇ ಕೊಟ್ಟದ್ದು ಸಣ್ಣ ವಿಷಯವಲ್ಲ.

1973ರ ಆಗಸ್ಟ್ 12ರಂದು, ಅಧಿಕಾರದಲ್ಲಿ ಇರುವಾಗಲೇ ಬಾಂದೋಡ್ಕರ್ ತೀರಿಕೊಂಡರು. 62 ವರ್ಷ. ಮಗಳು ಶಶಿಕಲಾ ಕಾಕೋಡ್ಕರ್ ಮುಖ್ಯಮಂತ್ರಿಯಾಗಿ 1979ರವರೆಗೆ ಇದ್ದರು. 1987ರಲ್ಲಿ ಗೋವಾ ರಾಜ್ಯವಾಯಿತು, ಕೊಂಕಣಿ ಅದರ ಅಧಿಕೃತ ಭಾಷೆಯಾಯಿತು. 1990ರಲ್ಲಿ ಅದೇ ಶಶಿಕಲಾ ಶಿಕ್ಷಣ ಸಚಿವೆಯಾಗಿದ್ದಾಗ, ಸರ್ಕಾರದ ಅನುದಾನ ಕೊಂಕಣಿ, ಮರಾಠಿಯಂಥ ನಮ್ಮ ಭಾಷೆಗಳಲ್ಲಿ ಕಲಿಸುವ ಪ್ರಾಥಮಿಕ ಶಾಲೆಗಳಿಗೆ ಮಾತ್ರ ಅನ್ನುವ ನೀತಿ ಬಂತು. ಅಪ್ಪನ ಕಾಲದಲ್ಲಿ ಹೊರಗೆ ನಿಂತಿದ್ದ ಕೊಂಕಣಿಗೆ ಮಗಳ ಕಾಲದಲ್ಲಿ ತರಗತಿಯೊಳಗೆ ಜಾಗ ಸಿಕ್ಕಿತು. 2011ರಲ್ಲಿ ಇಂಗ್ಲಿಷ್ ಶಾಲೆಗಳಿಗೂ ಅನುದಾನ ಅಂತ ಸರ್ಕಾರ ನಿರ್ಧರಿಸಿದಾಗ ಮತ್ತೆ ಜಗಳ.

ಈಗ ಆ ಹಳ್ಳಿ ಶಾಲೆಗಳಲ್ಲಿ ಎಷ್ಟೋ ಮಕ್ಕಳಿಲ್ಲದೆ ಮುಚ್ಚಿವೆ, ಕೆಲವನ್ನು ಪಕ್ಕದ ಶಾಲೆಗೆ ಸೇರಿಸಲಾಗಿದೆ. ಗೋವಾದವರ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ. ಉಳಿದ ಸರ್ಕಾರಿ ಶಾಲೆಗಳಲ್ಲಿ ಹಾಜರಿ ಕರೆಯುವಾಗ ಉತ್ತರ ಕರ್ನಾಟಕದ ಹೆಸರುಗಳು ಬಹಳ ಕೇಳಿಬರುತ್ತವೆ. ಕಟ್ಟಡ ಕೆಲಸಕ್ಕೆ, ಬಂದರು ಕೆಲಸಕ್ಕೆ ಅಂತ ಗೋವಾಕ್ಕೆ ಹೋದ ಕೂಲಿಕಾರರ ಮಕ್ಕಳು ಅವರು.