ತಾನೇ ತೆರೆಯುವ ಬಾಗಿಲು, ತಾನೇ ಉರಿಯದ ಕುಲುಮೆ

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಹಾದಿಯಲ್ಲಿ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶ ಸಿಗುತ್ತದೆ. ಆಧುನಿಕ ಕಾರ್ಖಾನೆಯಲ್ಲಿ ಸ್ವಯಂಚಾಲನೆಯ ಹೊಣೆ ಹೊತ್ತ ಎಂಜಿನಿಯರರ ಕೆಲಸವನ್ನು ಹೀಗೆ ಸಂಗ್ರಹಿಸಬಹುದು: ಶಾಖ, ಒತ್ತಡ, ಮಟ್ಟಗಳನ್ನು ಅಳೆಯುವುದು, ಇರಬೇಕಾದ ಪ್ರಮಾಣದೊಡನೆ ಹೋಲಿಸುವುದು, ವ್ಯತ್ಯಾಸವನ್ನು ಯಂತ್ರವೇ ತಿದ್ದಿಕೊಳ್ಳುವಂತೆ ಮಾಡುವುದು. ಕಂಪ್ಯೂಟರ್ ಹುಟ್ಟುವ ಮೊದಲೇ ಈ ತತ್ತ್ವವನ್ನು ನೀರಿಗೆ ಅನ್ವಯಿಸಿದ ಕನ್ನಡಿಗರು ಸರ್ ಎಂ. ವಿಶ್ವೇಶ್ವರಯ್ಯ. ಭದ್ರಾವತಿಯ ಕುಲುಮೆಯನ್ನು ಉಳಿಸಿದವರೂ ಅವರೇ.

ಮುದ್ದೇನಹಳ್ಳಿಯ ಬಡ ಕುಟುಂಬದ ಬಾಲಕ ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಓದಿ, 1881ರಲ್ಲಿ ಪದವೀಧರರಾದರು. ಪುಣೆಯಲ್ಲಿ ಎಂಜಿನಿಯರಿಂಗ್ ಮುಗಿಸಿ 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು. ಪುಣೆಗೆ ನೀರುಣಿಸುವ ಖಡಕ್‌ವಾಸ್ಲಾ ಜಲಾಶಯದಲ್ಲಿ ಮಳೆಗಾಲದ ನೀರು ಕೋಡಿ ಹರಿದು ವ್ಯರ್ಥವಾಗುತ್ತಿತ್ತು. ಅಣೆಕಟ್ಟನ್ನು ಎತ್ತರಿಸುವುದು ಅಪಾಯಕರ. ಅವರು ಕೋಡಿಯ ಮೇಲೆ ಸ್ವಯಂಚಾಲಿತ ಬಾಗಿಲುಗಳನ್ನು ಯೋಜಿಸಿದರು. ನೀರು ನಿಗದಿತ ಮಟ್ಟ ಮೀರಿದೊಡನೆ ಅವು ತಾವಾಗಿಯೇ ತೆರೆದುಕೊಳ್ಳುತ್ತಿದ್ದವು, ಇಳಿದರೆ ಮುಚ್ಚಿಕೊಳ್ಳುತ್ತಿದ್ದವು. ಕಾವಲುಗಾರನ ಎಚ್ಚರವನ್ನು ನೆಚ್ಚಬೇಕಿರಲಿಲ್ಲ. 1903ರಲ್ಲಿ ಇವು ಅಲ್ಲಿ ಸ್ಥಾಪನೆಗೊಂಡವು. ಪೇಟೆಂಟ್ ಅವರದೇ ಆಗಿದ್ದರೂ, ಸರ್ಕಾರಿ ಹುದ್ದೆಯಲ್ಲಿದ್ದುಕೊಂಡು ತಮ್ಮ ಅಧೀನದ ಕೆಲಸದಿಂದ ರಾಯಧನ ಪಡೆಯಲು ಅವರು ಒಪ್ಪಲಿಲ್ಲ.

1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್, 1912ರಿಂದ 1918ರವರೆಗೆ ದಿವಾನರು. ಅವರ ಕಾಲದಲ್ಲೇ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅಡಿಪಾಯ ಬಿತ್ತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಕಟ್ಟಿಗೆಯ ಇದ್ದಿಲು, ಭದ್ರಾ ನದಿಯ ನೀರು: ಯೋಜನೆಯ ತರ್ಕ ಸ್ಪಷ್ಟವಾಗಿತ್ತು. ಆದರೆ 1923ರಲ್ಲಿ ಉತ್ಪಾದನೆ ಆರಂಭವಾಗುವ ವೇಳೆಗೆ ಯುದ್ಧಕಾಲದ ಬೆಲೆಗಳು ಕುಸಿದಿದ್ದವು. ನಷ್ಟ ಬೆಳೆಯಿತು, ಟೀಕೆಯೂ ಬೆಳೆಯಿತು. ನಿವೃತ್ತರಾಗಿದ್ದ ವಿಶ್ವೇಶ್ವರಯ್ಯನವರು ಆಡಳಿತ ಮಂಡಲಿಯ ಅಧ್ಯಕ್ಷತೆ ವಹಿಸಿ, 1929ರವರೆಗೆ ಕಾರ್ಖಾನೆಯನ್ನು ತಿದ್ದಿದರು. ವೆಚ್ಚ ತಗ್ಗಿಸಿದರು, ವಿದೇಶಿ ತಜ್ಞರ ಸ್ಥಾನಕ್ಕೆ ದೇಶೀಯರನ್ನು ತರಬೇತುಗೊಳಿಸಿದರು, ಬರಿಯ ಬೀಡುಕಬ್ಬಿಣಕ್ಕೆ ಜೋತುಬೀಳದೆ ಎರಕದ ಕೊಳವೆಗಳತ್ತ ತಿರುಗಿದರು. ಈ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಹಣವನ್ನು ಅವರು ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆ ಸ್ಥಾಪಿಸಲು ಬಿಟ್ಟುಕೊಟ್ಟರು. 1955ರಲ್ಲಿ ಭಾರತರತ್ನ ಬಂತು. 1962ರಲ್ಲಿ ಅವರು ತೀರಿಕೊಂಡರು.

ಅವರ ಹೆಸರನ್ನೇ ಹೊತ್ತ ಕಾರ್ಖಾನೆ 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು. ಉತ್ಪಾದನೆ ಆರಂಭವಾಗಿ ನೂರು ವರ್ಷ ತುಂಬಿದ 2023ರ ಜನವರಿಯಲ್ಲೇ ಅದನ್ನು ಮುಚ್ಚುವ ತೀರ್ಮಾನ ಹೊರಬಿತ್ತು. ಕಾರ್ಮಿಕರ ಹೋರಾಟದ ನಡುವೆ ಅದೇ ವರ್ಷ ಕೆಲಸ ಭಾಗಶಃ ಪುನರಾರಂಭವಾಯಿತು.

ನಷ್ಟದ ಉದ್ಯಮವನ್ನು ಎಂದೆಂದಿಗೂ ಬೊಕ್ಕಸದಿಂದ ಸಲಹಬೇಕೆಂದು ಅರ್ಥಶಾಸ್ತ್ರ ಓದಿದ ಯಾರೂ ವಾದಿಸಲಾರರು. ಆದರೆ ವಿಶ್ವೇಶ್ವರಯ್ಯನವರು 1923ರಲ್ಲಿ ಎದುರಿಸಿದ್ದೂ ಇದೇ ಪ್ರಶ್ನೆಯನ್ನು. ಮುಚ್ಚುವ ಮೊದಲು ಅವರು ಅಳೆದರು, ಹೋಲಿಸಿದರು, ತಿದ್ದಿದರು. ಜಲಾಶಯದ ಬಾಗಿಲಿಗೆ ಮಟ್ಟ ನಿಗದಿಪಡಿಸಿದರೆ ಸಾಕು, ಅದು ತಾನೇ ಎಚ್ಚರವಾಗಿರುತ್ತದೆ. ಸಾರ್ವಜನಿಕ ಸಂಸ್ಥೆಗೆ ಅಂತಹ ಯಂತ್ರ ಇನ್ನೂ ಹುಟ್ಟಿಲ್ಲ. ಅಲ್ಲಿ ಎಚ್ಚರವಿರಬೇಕಾದವರು ಮನುಷ್ಯರೇ.